ಶಿವನಿಯಿಂದ ಗಿರಿಗೆ ಮೂರು ದಿನ

ಮುಳ್ಳಯ್ಯನಗಿರಿಗೆ ಮೂರು ದಿನ ಏಕೆ ಎಂದು ನಮ್ಮ ಶಿವನಿಯಲ್ಲೇ ಕೇಳುವವರಿದ್ದಾರೆ. 1,930 ಮೀಟರ್ ಎತ್ತರದ, ರಾಜ್ಯದ ಅತ್ಯುನ್ನತ ಶಿಖರದ ಸಮೀಪದವರೆಗೂ ರಸ್ತೆಯಿದೆ, ಉಳಿದದ್ದು ಮೆಟ್ಟಿಲು. ಬೆಳಿಗ್ಗೆ ಹೊರಟವರು ಸಂಜೆಗೆ ಮನೆ ಸೇರಬಹುದು. ಆದರೆ ಹಾಗೆ ಹೋದವರು ಕಾಣುವುದು ತುದಿಯನ್ನು, ಗಿರಿಶ್ರೇಣಿಯನ್ನಲ್ಲ.

ಅರ್ಧಚಂದ್ರಾಕಾರವಾಗಿ ಬಾಗಿರುವುದರಿಂದಲೇ ಈ ಬೆಟ್ಟಸಾಲಿಗೆ ಚಂದ್ರದ್ರೋಣವೆಂಬ ಹೆಸರು. ಆ ಬಾಗನ್ನು ನಡೆದೇ ಅರಿಯಬೇಕು. ನಾವು ನಾಲ್ವರು ಹಾಕಿಕೊಂಡ ಯೋಜನೆ ಸರಳ: ರೈಲಿನಲ್ಲಿ ಬೀರೂರು, ಅಲ್ಲಿಂದ ಲಿಂಗದಹಳ್ಳಿಯ ಮೂಲಕ ಕೆಮ್ಮಣ್ಣುಗುಂಡಿ, ಮರುದಿನ ಬಾಬಾಬುಡನ್‌ಗಿರಿ, ಮೂರನೆಯ ದಿನ ಮುಳ್ಳಯ್ಯನಗಿರಿ.

ಸರಳವಲ್ಲದ್ದು ನೀರು. ವೇದಾವತಿಯ ತೊರೆಗಳು ಈ ಬೆಟ್ಟಗಳಲ್ಲೇ ಹುಟ್ಟಿ ಕಡೂರಿನ ಬಯಲಿಗೆ ಇಳಿಯುತ್ತವೆ, ನಿಜ. ಆದರೆ ಹುಲ್ಲು ಹೊದ್ದ ನೆತ್ತಿಯ ಮೇಲೆ ನೀರು ನಿಲ್ಲದು. ಅದು ಹರಿಯುವುದು ಕೆಳಗಿನ ಶೋಲಾ ಕಾಡಿನ ಕಣಿವೆಯಲ್ಲಿ. ಮಾರ್ಚಿನಲ್ಲಿ ಬಿಸಿಲು, ಕಾಳ್ಗಿಚ್ಚಿನ ಭಯ. ಜುಲೈನಲ್ಲಿ ಮಂಜು, ಗಾಳಿ, ಜಿಗಣೆ. ಆದ್ದರಿಂದ ನವೆಂಬರ್. ತಲೆಗೆ ಮೂರು ಲೀಟರ್ ನೀರು, ರೊಟ್ಟಿ, ಚಟ್ನಿಪುಡಿ.

ಇನ್ನು ಅನುಮತಿ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ಮೇಲೆ ಜಾತ್ರೆಯಂತೆ ಜನ ನೆರೆದದ್ದನ್ನು ಕಂಡ ಸರ್ಕಾರ, ಮುಂಗಡ ನೋಂದಣಿಯಿಲ್ಲದ ಚಾರಣವನ್ನು ತಡೆಯಿತು. ಕ್ರಮ ಸರಿಯಾದುದೇ. ಬೆಟ್ಟದ ಹುಲ್ಲು ಹತ್ತು ಹೆಜ್ಜೆ ತಾಳೀತು, ಸಾವಿರವನ್ನಲ್ಲ. ಕೆಮ್ಮಣ್ಣುಗುಂಡಿಯ ಮಗ್ಗುಲಲ್ಲೇ ಭದ್ರಾ ಹುಲಿ ಮೀಸಲು ಅರಣ್ಯವಿರುವುದರಿಂದ ಗುಡಾರ ಹೂಡುವ ಆಸೆಯನ್ನೂ ಬಿಟ್ಟಿದ್ದೇವೆ. ಎರಡು ರಾತ್ರಿಯೂ ಸೂರಿನ ಕೆಳಗೇ ವಾಸ. ದಾರಿಯ ಒಂದು ಭಾಗಕ್ಕಷ್ಟೇ ಅನುಮತಿ ದೊರೆತರೆ ಅಷ್ಟನ್ನೇ ನಡೆದು, ಉಳಿದುದನ್ನು ವಾಹನದಲ್ಲಿ ಕ್ರಮಿಸುತ್ತೇವೆ.