ಶಿಲೀಂಧ್ರ ರೋಗಗಳು: ವಿಜ್ಞಾನಿಗಳ ಸಮ್ಮೇಳನದಿಂದ ನಮ್ಮ ಮನೆಯವರೆಗೆ



ಹಳಸಿದ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟು, ಮಳೆಗಾಲದಲ್ಲಿ ಏಳುವ ಅಣಬೆ, ಬ್ರೆಡ್ಡನ್ನು ಉಬ್ಬಿಸುವ ಯೀಸ್ಟ್ ಇವೆಲ್ಲ ಒಂದೇ ಕುಲಕ್ಕೆ ಸೇರಿದವು. ಈ ಕುಲಕ್ಕೆ ಶಿಲೀಂಧ್ರ ಎಂದು ಹೆಸರು. ಇವು ಸಸ್ಯವೂ ಅಲ್ಲ, ಪ್ರಾಣಿಯೂ ಅಲ್ಲ. ಇವುಗಳಲ್ಲಿ ಹೆಚ್ಚಿನವು ನಮಗೆ ತೊಂದರೆ ಕೊಡುವುದಿಲ್ಲ. ಕೆಲವು ಉಪಕಾರಿಗಳೂ ಹೌದು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಪೆನಿಸಿಲಿನ್ ಔಷಧವನ್ನು ಕಂಡುಕೊಂಡಿದ್ದು ಬೂಷ್ಟಿನಿಂದಲೇ.

ಆದರೆ ಕೆಲವು ಶಿಲೀಂಧ್ರಗಳು ರೋಗ ತರುತ್ತವೆ. ಚರ್ಮದ ಮೇಲೆ ಉಂಗುರದಂತೆ ಹರಡುವ ಗಜಕರ್ಣ ಅಥವಾ ಹುಳುಕಡ್ಡಿ, ಎಳೆಯ ಮಕ್ಕಳ ಬಾಯಲ್ಲಿ ಕಾಣುವ ಬಿಳಿ ಪದರ, ಹೆಂಗಸರಿಗೆ ತುರಿಕೆಯೊಂದಿಗೆ ಬರುವ ಕೆಲವು ಬಗೆಯ ಬಿಳಿಸೆರಗು ಇವುಗಳಿಗೆ ಶಿಲೀಂಧ್ರವೇ ಕಾರಣ.

ದೆಹಲಿಯ ಸಮ್ಮೇಳನ

ಇಂತಹ ರೋಗಗಳನ್ನು ಅಭ್ಯಾಸ ಮಾಡುವ ವೈದ್ಯರು ಮತ್ತು ವಿಜ್ಞಾನಿಗಳ ಅಂತಾರಾಷ್ಟ್ರೀಯ ಸಂಘವೊಂದಿದೆ. 1954ರಲ್ಲಿ ಸ್ಥಾಪನೆಯಾದ ಈ ಸಂಘವನ್ನು ಚಿಕ್ಕದಾಗಿ 'ಇಷಾಮ್' ಎನ್ನುತ್ತಾರೆ. ಇದರ 21ನೆಯ ಸಮ್ಮೇಳನ 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ದೇಶದ ರಾಜಧಾನಿ ನವದೆಹಲಿಯಲ್ಲಿಯೇ ನಡೆಯಿತು. ಅದರ ಮರು ತಿಂಗಳು ವಿಶ್ವ ಆರೋಗ್ಯ ಸಂಸ್ಥೆಯು ಮನುಷ್ಯನಿಗೆ ಹೆಚ್ಚು ಅಪಾಯ ತರುವ 19 ಶಿಲೀಂಧ್ರಗಳ ಪಟ್ಟಿಯನ್ನು ಮೊದಲ ಬಾರಿಗೆ ಪ್ರಕಟಿಸಿತು.

ಇಷ್ಟು ಕಾಳಜಿ ಏಕೆ? ಶಿಲೀಂಧ್ರದ ಜೀವಕೋಶದ ರಚನೆ ಬಹುಮಟ್ಟಿಗೆ ನಮ್ಮ ಜೀವಕೋಶವನ್ನೇ ಹೋಲುತ್ತದೆ. ಆದ್ದರಿಂದ ನಮಗೆ ಹಾನಿಯಾಗದಂತೆ ಅದನ್ನು ಮಾತ್ರ ಕೊಲ್ಲುವ ಔಷಧವನ್ನು ತಯಾರಿಸುವುದು ಕಷ್ಟ. ಬ್ಯಾಕ್ಟೀರಿಯಾಗಳಿಗೆ ಇರುವಷ್ಟು ಬಗೆಯ ಔಷಧಗಳು ಶಿಲೀಂಧ್ರಗಳಿಗೆ ಇಲ್ಲ. ಇರುವ ಔಷಧಗಳನ್ನು ನಾವು ತಪ್ಪಾಗಿ ಬಳಸಿದರೆ ಶಿಲೀಂಧ್ರಗಳು ಅವಕ್ಕೂ ಜಗ್ಗದಂತಾಗುತ್ತವೆ.

ಈ ಔಷಧಗಳ ಹಿಂದೆ ದೊಡ್ಡ ಮನಸ್ಸಿನವರ ಶ್ರಮವಿದೆ. ಬಾಯಿಯ ಬಿಳಿ ಪದರಕ್ಕೆ ಇಂದಿಗೂ ಬಳಸುವ ನಿಸ್ಟಾಟಿನ್ ಔಷಧವನ್ನು 1950ರಲ್ಲಿ ಅಮೆರಿಕದ ಎಲಿಜಬೆತ್ ಹೇಝನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ಲೋಕಕ್ಕೆ ತಿಳಿಸಿದರು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಯಿಂದ ಅದನ್ನು ಪಡೆದಿದ್ದರು. ಅದರಿಂದ ಬಂದ ಕೋಟ್ಯಂತರ ರೂಪಾಯಿ ಬೆಲೆಯ ಗೌರವಧನವನ್ನು ಅವರು ತಮಗೆಂದು ಇಟ್ಟುಕೊಳ್ಳದೆ ವಿಜ್ಞಾನದ ಕೆಲಸಕ್ಕೆ ಬಿಟ್ಟುಕೊಟ್ಟರು. ಕಾಯಕದಿಂದ ಬಂದದ್ದನ್ನು ದಾಸೋಹಕ್ಕೆ ಸಲ್ಲಿಸುವುದೆಂದರೆ ಇದೇ ಅಲ್ಲವೇ?

ಗಜಕರ್ಣಕ್ಕೆ ಅಂಗಡಿಯ ಮುಲಾಮು

ಗಜಕರ್ಣವಾದಾಗ ನಮ್ಮಲ್ಲಿ ಅನೇಕರು ಔಷಧ ಅಂಗಡಿಗೆ ಹೋಗಿ "ತುರಿಕೆಗೆ ಒಂದು ಟ್ಯೂಬು ಕೊಡ್ರಿ" ಎನ್ನುತ್ತಾರೆ. ಹೀಗೆ ಕೊಳ್ಳುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಹಚ್ಚಿದ ಎರಡು ಮೂರು ದಿನಗಳಲ್ಲಿ ತುರಿಕೆ ಮತ್ತು ಕೆಂಪು ಕಡಿಮೆಯಾಗುತ್ತವೆ. ರೋಗ ವಾಸಿಯಾಯಿತೆಂದು ನಾವು ನಂಬುತ್ತೇವೆ. ನಿಜವಾಗಿ ಸ್ಟೀರಾಯ್ಡ್ ಆ ಜಾಗದ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿರುತ್ತದೆ; ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಮುಲಾಮು ನಿಲ್ಲಿಸಿದೊಡನೆ ರೋಗ ಮೊದಲಿಗಿಂತ ಜೋರಾಗಿ ಮರಳುತ್ತದೆ. ಚರ್ಮ ತೆಳುವಾಗಿ ಬರೆ ಎಳೆದಂತೆ ಗೆರೆಗಳು ಮೂಡಬಹುದು. ಉಂಗುರದ ಆಕಾರ ಕೆಟ್ಟು ವೈದ್ಯರಿಗೂ ರೋಗ ಗುರುತಿಸುವುದು ಕಷ್ಟವಾಗಬಹುದು.

ಈ ಕಾರಣದಿಂದಲೇ ಕೇಂದ್ರ ಸರ್ಕಾರವು 2018ರಲ್ಲಿ ಅನೇಕ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು.

ನಮ್ಮ ದೇಶದಲ್ಲಿ ಈಗ ವ್ಯಾಪಕವಾಗಿರುವ ಗಜಕರ್ಣದ ಒಂದು ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ವಿಜ್ಞಾನಿಗಳು 'ಟ್ರೈಕೋಫೈಟಾನ್ ಇಂಡೋಟಿನೇ' ಎಂದು ಹೆಸರಿಟ್ಟರು. ಗಜಕರ್ಣಕ್ಕೆ ಸಾಮಾನ್ಯವಾಗಿ ಕೊಡುವ ಟರ್ಬಿನಾಫಿನ್ ಔಷಧಕ್ಕೆ ಇದು ಅನೇಕ ವೇಳೆ ಬಗ್ಗುವುದಿಲ್ಲ. 2023ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿಯೂ ಇಬ್ಬರಲ್ಲಿ ಇದು ಕಂಡುಬಂದುದು ವರದಿಯಾಯಿತು. ಹಾಗೆಂದು ಹೆದರಬೇಕಿಲ್ಲ. ಬೇರೆ ಔಷಧದಿಂದ, ಹೆಚ್ಚು ದಿನಗಳ ಚಿಕಿತ್ಸೆಯಿಂದ ಇದೂ ಗುಣವಾಗುತ್ತದೆ.

ಸಕ್ಕರೆ ಕಾಯಿಲೆ ಇದ್ದವರಿಗೆ

ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಶಿಲೀಂಧ್ರಕ್ಕೆ ಅನುಕೂಲ. 2021ರಲ್ಲಿ ಕೋವಿಡ್ ಎರಡನೆಯ ಅಲೆಯ ಜೊತೆಗೆ ಬಂದ ಕಪ್ಪು ಶಿಲೀಂಧ್ರ ರೋಗವನ್ನು ಯಾರೂ ಮರೆತಿಲ್ಲ. ಅದು ಹೆಚ್ಚಾಗಿ ಬಾಧಿಸಿದ್ದು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದವರನ್ನು ಮತ್ತು ಸ್ಟೀರಾಯ್ಡ್ ಔಷಧ ಪಡೆದವರನ್ನು. ಸಕ್ಕರೆ ಕಾಯಿಲೆ ಇದ್ದವರಿಗೆ ಮುಖದ ಒಂದು ಭಾಗದಲ್ಲಿ ನೋವು ಅಥವಾ ಬಾವು, ಮೂಗಿನಿಂದ ಕಪ್ಪು ಸ್ರಾವ, ಎರಡೆರಡಾಗಿ ಕಾಣುವುದು ಇವುಗಳಲ್ಲಿ ಯಾವುದೇ ಕಂಡರೂ ಅದೇ ದಿನ ಆಸ್ಪತ್ರೆಗೆ ಬರಬೇಕು.

ಗಮನಿಸಬೇಕಾದ ಅಂಶಗಳು

1. ವೈದ್ಯರಿಗೆ ತೋರಿಸದೆ ಯಾವ ಮುಲಾಮನ್ನೂ ಹಚ್ಚಬೇಡಿ. ಈಗಾಗಲೇ ಹಚ್ಚಿದ್ದರೆ ಸಂಕೋಚಪಡದೆ ಆ ಟ್ಯೂಬನ್ನು ತಂದು ತೋರಿಸಿ.

2. ಚರ್ಮವನ್ನು ತುಸು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ಪರೀಕ್ಷೆಯಿಂದ ಶಿಲೀಂಧ್ರವನ್ನು ಗುರುತಿಸಬಹುದು.

3. ಕಲೆ ಮಾಯವಾದರೂ ವೈದ್ಯರು ಹೇಳಿದಷ್ಟು ದಿನ ಔಷಧ ಮುಂದುವರಿಸಿ.

4. ಮನೆಯಲ್ಲಿ ಬೇರೆಯವರಿಗೂ ತುರಿಕೆ ಇದ್ದರೆ ಅವರನ್ನೂ ಕರೆತನ್ನಿ. ಒಬ್ಬರಿಗೆ ಮಾತ್ರ ಚಿಕಿತ್ಸೆಯಾದರೆ ರೋಗ ಮನೆಯಲ್ಲೇ ಸುತ್ತುತ್ತಿರುತ್ತದೆ. ಕರು, ನಾಯಿ, ಬೆಕ್ಕುಗಳಿಂದಲೂ ಗಜಕರ್ಣ ತಗಲಬಹುದು.

5. ಟವೆಲ್, ಒಳ ಉಡುಪು, ಹಾಸಿಗೆ ಬಟ್ಟೆಗಳನ್ನು ಹಂಚಿಕೊಳ್ಳಬೇಡಿ. ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಿ.

6. ಸ್ನಾನದ ನಂತರ ತೊಡೆಯ ಸಂದು, ಕಂಕುಳು, ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿಕೊಳ್ಳಿ. ಸಡಿಲವಾದ ಹತ್ತಿ ಬಟ್ಟೆ ಧರಿಸಿ.

7. ಉಬ್ಬಸ ಮುಂತಾದ ಕಾಯಿಲೆಗೆ ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಔಷಧವನ್ನು ಮಾತ್ರ ತಾವಾಗಿಯೇ ನಿಲ್ಲಿಸಬೇಡಿ. ಮೊದಲು ವೈದ್ಯರನ್ನು ಕೇಳಿ.

ಸಂದುಗಳಲ್ಲಿ ಬರುವ ರೋಗವೆಂದು ನಾಚಿಕೆಪಟ್ಟು ಮುಚ್ಚಿಟ್ಟುಕೊಳ್ಳುವುದೇ ಇದು ಬೆಳೆಯಲು ದೊಡ್ಡ ಕಾರಣ. ಕಾಯಕ ಮಾಡುವ ಕಾಯವನ್ನು ಕಾಪಾಡಿಕೊಳ್ಳುವುದೂ ನಮ್ಮ ಕರ್ತವ್ಯ. ತಾವು ನಿಸ್ಸಂಕೋಚವಾಗಿ ನಮ್ಮ ವೈದ್ಯರೊಡನೆ ಮಾತನಾಡಿ, ಪೂರ್ಣ ಚಿಕಿತ್ಸೆ ಪಡೆದು ಗುಣಮುಖರಾಗಬೇಕೆಂಬುದು ಶ್ರೀಮಠದ ಆಶಯ.