ಕಹಿ ಎಣ್ಣೆಯ ಕಾವಲು

ಗಿಡವನ್ನು ಬೆಳೆಸುವ ಕೈಗೆ ಮೊದಲು ಬರುವುದು ಅಕ್ಕರೆ. ಹುಳುವನ್ನು ಕಂಡ ದಿನ ಅದೇ ಕೈಗೆ ಬರುವುದು ಕೋಪ. ದಾಸವಾಳದ ಎಳೆಯ ಕುಡಿಯಲ್ಲಿ ಹಿಟ್ಟು ಚೆಲ್ಲಿದಂತೆ ಬಿಳಿಯ ತಿಗಣೆ ಕೂತಿದ್ದರೆ, ಬದನೆಯ ಎಲೆಯ ಬೆನ್ನಿಗೆ ಹೇನು ಮುತ್ತಿದ್ದರೆ, ಸಂಜೆಯೊಳಗೆ ಅವೆಲ್ಲ ಸತ್ತು ಉದುರಬೇಕೆಂದು ನಾವು ಬಯಸುತ್ತೇವೆ. ಈ ಬಯಕೆಯನ್ನು ಪೂರೈಸುವ ವಿಷಗಳು ಅಂಗಡಿಯಲ್ಲಿ ಹೇರಳವಾಗಿವೆ. ಬೇವಿನ ಎಣ್ಣೆ ಮಾತ್ರ ಅದನ್ನು ಪೂರೈಸುವುದಿಲ್ಲ. ಅದರ ಮೇಲಿನ ದೂರುಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಅದರ ಹಿರಿಮೆ ಇರುವುದೂ ಇಲ್ಲಿಯೇ ಎಂದು ನನ್ನ ಎಣಿಕೆ.

ಮೈಸೂರಿನಲ್ಲಿ ನಮ್ಮ ಬೀದಿಗೆ ಸೊಪ್ಪು, ಬದನೆಕಾಯಿ ತರುವ ಹಿರಿಯರೊಬ್ಬರೊಡನೆ ಒಮ್ಮೆ ಈ ಮಾತು ಬಂದಿತು. “ನಿಮ್ಮ ಎಣ್ಣೆ ಹೊಡೆದ ಮಾರನೆ ದಿನ ಹೋಗಿ ನೋಡಿದ್ರೆ ಹುಳ ಹಂಗೇ ಕುಂತಿರ್ತದೆ, ಮೇಷ್ಟ್ರೇ. ಔಷಧಿ ಆದ್ರೆ ಬೆಳಗಾಗೋದ್ರೊಳಗೆ ನೆಲ ಕಚ್ಚಿರ್ತದೆ,” ಎಂದರು. “ನಾಲ್ಕನೆಯ ದಿನ ನೋಡಿದಿರಾ?” ಎಂದು ಕೇಳಿದೆ. “ನಾಲ್ಕನೆ ದಿನ ಸಂತೆ, ಸ್ವಾಮಿ,” ಎಂದು ನಕ್ಕರು. ಆ ಉತ್ತರವನ್ನು ನಾನು ಹಗುರವಾಗಿ ಕಾಣಲಾರೆ. ಒಂದು ತೂತು ಕಂಡ ಕಾಯನ್ನು ಆರಿಸಿ ಪಕ್ಕಕ್ಕೆ ಎಸೆಯುವವರು ನಾವೇ ಅಲ್ಲವೆ? ಅವರ ಅವಸರದಲ್ಲಿ ನಮ್ಮ ಪಾಲೂ ಇದೆ.

ಅವರ ಮಾತಿನಲ್ಲಿದ್ದ ‘ಔಷಧಿ’ ಎಂಬ ಪದವನ್ನು ವಾಚಕರು ಗಮನಿಸಿರಬೇಕು. ವಿಷಕ್ಕೆ ಔಷಧಿಯೆಂದು ಹೆಸರಿಟ್ಟ ಮೇಲೆ ಅದರ ಬಗೆಗಿನ ಭಯ ಅರ್ಧ ಇಳಿದುಹೋಗುತ್ತದೆ. ಕಾಸರಗೋಡಿನ ಗೇರುತೋಟಗಳ ಮೇಲೆ 2000ನೆಯ ಇಸವಿಯವರೆಗೂ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಕೂಡ ಜನರ ಬಾಯಲ್ಲಿ ಔಷಧಿಯೇ ಆಗಿತ್ತು. ಅಲ್ಲಿಯ ಹಳ್ಳಿಗಳಲ್ಲಿ, ದಕ್ಷಿಣ ಕನ್ನಡದ ಕೆಲವು ಹಳ್ಳಿಗಳಲ್ಲಿ, ನಡೆಯಲಾರದ, ಮಾತು ಬಾರದ ಮಕ್ಕಳ ತಾಯಂದಿರು ವರ್ಷಗಟ್ಟಲೆ ಗೋಳಿಟ್ಟರು. ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶದಾದ್ಯಂತ ತಡೆದುದು 2011ರಲ್ಲಿ.

ಹಾಗಾದರೆ ಬೇವು ಮಾಡುವುದಾದರೂ ಏನು? ಅದು ಹುಳುವನ್ನು ಹೊಡೆದುರುಳಿಸುವುದಿಲ್ಲ. ಅದರ ಬದುಕಿನ ಲೆಕ್ಕವನ್ನು ತಪ್ಪಿಸುತ್ತದೆ. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ಕಹಿ ದ್ರವ್ಯ ತಗುಲಿದ ಎಲೆಯನ್ನು ಬಹುಪಾಲು ಹುಳುಗಳು ಮೂಸಿ ಬಿಟ್ಟುಬಿಡುತ್ತವೆ. ತಿಂದವುಗಳಿಗೆ ಹಸಿವು ಕುಗ್ಗುತ್ತದೆ. ಬೆಳೆಯುವ ಮರಿಹುಳು ಕಾಲಕಾಲಕ್ಕೆ ಪೊರೆ ಕಳಚಬೇಕಷ್ಟೆ; ಕಳಚೆಂದು ಒಳಗಿನಿಂದ ಅಪ್ಪಣೆ ಕೊಡುವ ರಸಗಳ ಏರ್ಪಾಟು ಇದರಿಂದ ಕೆಡುತ್ತದೆ. ಹಳೆಯ ಪೊರೆಯೊಳಗೇ ಸಿಕ್ಕಿಕೊಂಡು ಅದು ಕೆಲವು ದಿನಗಳಲ್ಲಿ ಮುಗಿಯುತ್ತದೆ. ಮಾರನೆಯ ಬೆಳಗ್ಗೆ ಎಲೆಯ ಮೇಲೆ ಕೂತಿರುವ ಹುಳು ಬದುಕಿದೆ, ನಿಜ. ಆದರೆ ತಿನ್ನುತ್ತಿದೆಯೆ ಎಂದು ಬಾಗಿ ನೋಡುವವರು ಕಡಿಮೆ.

ಜಗತ್ತಿನ ವಿಜ್ಞಾನಿಗಳು ಇದನ್ನು ಗುರುತಿಸಿದ ಬಗೆಯೂ ಸ್ವಾರಸ್ಯವಾಗಿದೆ. 1959ರಲ್ಲಿ ಸೂಡಾನ್ ದೇಶದಲ್ಲಿ ಮಿಡತೆಯ ದಂಡೊಂದು ಎರಗಿ ಹಸುರನ್ನೆಲ್ಲ ಬೋಳಿಸಿ ಹೋದಾಗ, ಬೇವಿನ ಮರಗಳು ಮಾತ್ರ ಎಲೆ ಉಳಿಸಿಕೊಂಡು ನಿಂತಿದ್ದವು. ಜರ್ಮನಿಯ ಕೀಟಶಾಸ್ತ್ರಜ್ಞ ಹೈನ್ರಿಕ್ ಷ್ಮುಟ್ಟರರ್ ಅದನ್ನು ಕಂಡು ಬೆರಗಾಗಿ ಆ ಮರದ ಬೆನ್ನುಹತ್ತಿದರು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಪ್ರಧಾನ್ ಮತ್ತು ಅವರ ಸಂಗಡಿಗರು, ಸಾವಿರ ಭಾಗ ನೀರಿಗೆ ಒಂದೇ ಭಾಗ ಬೇವಿನ ಬೀಜದ ತಿರುಳನ್ನು ಕದಡಿ ಸಿಂಪಡಿಸಿದರೂ ಮಿಡತೆ ಬೆಳೆಯನ್ನು ಮುಟ್ಟದೆಂದು 1962ರಲ್ಲಿ ಪ್ರಕಟಿಸಿದರು. ಅಜಾಡಿರಾಕ್ಟಿನ್ ಬೇರ್ಪಟ್ಟದ್ದು ಇಂಗ್ಲೆಂಡಿನಲ್ಲಿ, 1968ರಲ್ಲಿ. ಅದರ ರಚನೆ ಸ್ಪಷ್ಟವಾಗಲು 1985 ಬರಬೇಕಾಯಿತು. ಅದನ್ನು ಪ್ರಯೋಗಶಾಲೆಯಲ್ಲಿ ಮೊದಲಿಂದ ಕೊನೆಯವರೆಗೆ ಕಟ್ಟಲು ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡ 22 ವರ್ಷ ದುಡಿದು 2007ರಲ್ಲಿ ಗೆದ್ದಿತು. ನಮ್ಮ ಬೀದಿಯ ಮರ ಅದನ್ನು ಪ್ರತಿ ಬೇಸಗೆಯಲ್ಲೂ ಸದ್ದಿಲ್ಲದೆ ಕಟ್ಟುತ್ತದೆ!

ಎಣ್ಣೆಗೆ ಇನ್ನೊಂದು ಗುಣವುಂಟು. ಅದಕ್ಕೆ ಕಹಿಯೂ ಬೇಡ. ಹೇನು, ತಿಗಣೆ, ನುಸಿಗಳಂಥ ಮೆತ್ತನೆಯ ಮೈಯ ಕೀಟಗಳ ಉಸಿರಿನ ರಂಧ್ರಗಳನ್ನು ಎಣ್ಣೆಯ ತೆಳುಪೊರೆ ಮುಚ್ಚಿಬಿಡುತ್ತದೆ. ಆದರೆ ಎಣ್ಣೆ ನೀರಿನೊಡನೆ ಬೆರೆಯದು. ಅನೇಕರು ಸೋಲುವುದು ಇಲ್ಲಿಯೇ. ನೀರಿಗೆ ಎಣ್ಣೆ ಸುರಿದು ಕಲಕಿದರೆ ಮೊದಲ ಗಿಡಕ್ಕೆ ಬರಿಯ ನೀರು, ಕೊನೆಯದಕ್ಕೆ ಬರಿಯ ಎಣ್ಣೆ. ಆ ಕೊನೆಯ ಗಿಡ ಸುಟ್ಟುಹೋಗುತ್ತದೆ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್, ಅಂದರೆ ಒಂದು ಚಹದ ಚಮಚದಷ್ಟು, ಗಾಣದ ಬೇವಿನ ಎಣ್ಣೆ ಸಾಕು. ಅದನ್ನು ಮೊದಲು ಕೊಂಚ ಸಾಬೂನಿನ ದ್ರಾವಣದಲ್ಲೋ ಅಂಟುವಾಳದ ನೊರೆಯಲ್ಲೋ ಚೆನ್ನಾಗಿ ಕಡೆದು, ಆಮೇಲೆ ಉಗುರುಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವಾಗಿ ಕೂಡಿಸಬೇಕು. ಹಾಲಿನಂತೆ ಬೆಳ್ಳಗಾದರೆ ಹದ ಬಂತೆಂದು ತಿಳಿಯಬಹುದು. ಮಾಗಿಯ ಚಳಿಯಲ್ಲಿ ಬೇವಿನ ಎಣ್ಣೆ ಶೀಸೆಯಲ್ಲೇ ಗಟ್ಟಿಯಾಗುತ್ತದೆ. ಬಿಸಿನೀರಿನಲ್ಲಿ ಶೀಸೆಯನ್ನು ಇಟ್ಟು ಕರಗಿಸಬೇಕೇ ಹೊರತು ಒಲೆಯ ಮೇಲಲ್ಲ. ಸಿಂಪಡಿಸುವುದು ಸಂಜೆಗೆ. ಬಿಸಿಲಿಗೆ ಅಜಾಡಿರಾಕ್ಟಿನ್ ಬೇಗ ಕೆಡುತ್ತದೆ. ಸಂಜೆಗೆ ಜೇನ್ನೊಣಗಳೂ ಗೂಡು ಸೇರಿರುತ್ತವೆ. ಎಲೆಯ ಮೇಲ್ಗಡೆ ತೊಯ್ದರೆ ಸಾಲದು, ಕೀಟಗಳ ಸಂಸಾರವೆಲ್ಲ ಎಲೆಯ ಬೆನ್ನಿಗೆ. ಮತ್ತೆ ಎಂಟು ಹತ್ತು ದಿನಕ್ಕೊಮ್ಮೆ ಇದೇ ಕೆಲಸ.

ಹೊಂಗೆಯ ಮಾತನ್ನೂ ಆಡಬೇಕು. ಒಂದು ಕಾಲಕ್ಕೆ ನಮ್ಮ ಮನೆಗಳ ಹಣತೆ ಉರಿದದ್ದು ಅದರ ಎಣ್ಣೆಯಿಂದ. ಹಿಂಡಿ ಹೊಲಕ್ಕೆ, ಸೊಪ್ಪು ಗದ್ದೆಗೆ. ಅದರಲ್ಲಿಯೂ ಕರಂಜಿನ್ ಎಂಬ ಕಹಿಯಿದೆ. ಕೀಟಗಳಿಗೆ ಅದೂ ಸೇರದು. ಸಾಹಿತ್ಯದ ವಾಚಕರಿಗೆ ಹತ್ತಿರವಾದ ಎಣ್ಣೆ ಇನ್ನೊಂದಿದೆ. ಹಸ್ತಪ್ರತಿ ಭಂಡಾರಗಳಲ್ಲಿ ಓಲೆಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಸವರುವ ರೂಢಿಯುಂಟು. ಹಳೆಯ ಕಾವ್ಯಗಳನ್ನು ಹುಳುವಿನ ಬಾಯಿಂದ ಉಳಿಸಿದವರ ಪಟ್ಟಿಯಲ್ಲಿ ಈ ಹುಲ್ಲಿಗೂ ಒಂದು ಸ್ಥಾನ ಸಲ್ಲಬೇಕು.

ಇಂಥ ಅರಿವು ಯಾರದು ಎಂಬ ಪ್ರಶ್ನೆ ನ್ಯಾಯಪೀಠದವರೆಗೂ ಹೋಯಿತು. ಬೇವಿನ ಎಣ್ಣೆಯಿಂದ ಗಿಡಗಳ ಬೂಷ್ಟುರೋಗವನ್ನು ತಡೆಯುವ ವಿಧಾನಕ್ಕೆಂದು ಅಮೆರಿಕದ ಕೃಷಿ ಇಲಾಖೆಗೂ ಡಬ್ಲ್ಯು. ಆರ್. ಗ್ರೇಸ್ ಕಂಪನಿಗೂ ಯುರೋಪಿನ ಪೇಟೆಂಟ್ ಕಚೇರಿ 1994ರಲ್ಲಿ ಹಕ್ಕುಪತ್ರ ಕೊಟ್ಟಿತು. ಮರುವರ್ಷ ನಮ್ಮ ವಂದನಾ ಶಿವಾ, ಬೆಲ್ಜಿಯಂನ ಮಾಗ್ದಾ ಆಲ್ವೋಟ್ ಮತ್ತು ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ ತಕರಾರು ಹೂಡಿದರು. 2000ದಲ್ಲಿ ಹಕ್ಕುಪತ್ರ ರದ್ದಾಯಿತು. 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಗೆದ್ದದ್ದು ಸಂತೋಷವೇ. ಆದರೆ ಬೇವು ನಮ್ಮದೆಂದು ಅಂದು ಹೆಮ್ಮೆಪಟ್ಟವರ ಅಂಗಳಗಳಲ್ಲಿ ಒಂದು ಶೀಸೆ ಬೇವಿನ ಎಣ್ಣೆಯಾದರೂ ಇತ್ತೋ ಇಲ್ಲವೋ!

ಹೊಗಳಿಕೆಗೂ ಒಂದು ಗಡಿ ಬೇಕು. ಗಿಡದಿಂದ ಬಂದದ್ದೆಲ್ಲ ನಿರಪಾಯವೆಂಬ ಹೊಸ ಮೂಢನಂಬಿಕೆಯೊಂದು ಹಬ್ಬುತ್ತಿದೆ. ಹೊಗೆಸೊಪ್ಪಿನ ಕಷಾಯವೂ ಗಿಡದ್ದೇ, ಅದರಲ್ಲಿರುವ ನಿಕೋಟಿನ್ ಘೋರ ವಿಷ. ಬೇವಿನ ಎಣ್ಣೆಯನ್ನೇ ಹಸುಗೂಸುಗಳಿಗೆ ಕುಡಿಸಿ ಪ್ರಾಣಕ್ಕೆ ಸಂಚಕಾರ ತಂದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಹೇನನ್ನು ತಿಂದು ನಮಗೆ ಉಪಕರಿಸುವ ಗುಲಗಂಜಿ ಹುಳು ಎಲೆ ತಿನ್ನದಾದ್ದರಿಂದ ಬಹುಮಟ್ಟಿಗೆ ಪಾರಾಗುತ್ತದೆ. ನೇರವಾಗಿ ಅದರ ಮೇಲೆಯೇ ಎರಚಿದರೆ ಅದಕ್ಕೂ ಕೇಡು. ಇನ್ನು ಬದನೆಕಾಯಿಯನ್ನು ಕೊರೆದು ಒಳಹೊಕ್ಕ ಹುಳುವಿಗೆ ಯಾವ ಎಣ್ಣೆಯೂ ಮುಟ್ಟದು. ಬಾಡಿದ ಕುಡಿಯನ್ನೂ ತೂತಾದ ಕಾಯನ್ನೂ ಕಿತ್ತು ನಾಶಮಾಡುವುದೇ ಅಲ್ಲಿ ಉಳಿದ ದಾರಿ. ನಮ್ಮ ಹಿರಿಯರಿಗೆ ನಾನು ಇದನ್ನು ಹೇಳಿದೆ. “ಅದಾದ್ರೆ ನಾವೂ ಮಾಡ್ತೀವಿ, ಮೇಷ್ಟ್ರೇ. ಕೀಳೋಕೆ ಆಳು ಎಲ್ಲವ್ರೆ?” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕೈತೋಟದವರಿಗೆ ಮಾತ್ರ ಆಳಿನ ಕಾಟವಿಲ್ಲ, ಎಣ್ಣೆಯನ್ನು ಕೊಳ್ಳುವ ಹಂಗೂ ಇಲ್ಲ. ಜ್ಯೇಷ್ಠ ಆಷಾಢಗಳಲ್ಲಿ ಬೇವಿನ ಹಣ್ಣು ಉದುರುತ್ತದೆ. ಸಿಪ್ಪೆ ತಿರುಳು ತೊಳೆದು, ಬೀಜವನ್ನು ನೆರಳಲ್ಲಿ ಒಣಗಿಸಿ, ಗಾಳಿಯಾಡುವ ಬಟ್ಟೆಯ ಚೀಲದಲ್ಲಿ ಕಟ್ಟಿಡಬಹುದು. ಪ್ಲಾಸ್ಟಿಕ್ಕಿನಲ್ಲಿ ಬೂಷ್ಟು ಬರುತ್ತದೆ. ಬೇಕಾದಾಗ 50 ಗ್ರಾಂ ಒಳತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಗಂಟುಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಹಿಂಡಿದರೆ ಎಣ್ಣೆಯ ಕೆಲಸವನ್ನೇ ಮಾಡುತ್ತದೆ. ವರ್ಷ ದಾಟಿದ ಬೀಜದಲ್ಲಿ ಕಸುವು ಕುಗ್ಗುವುದರಿಂದ ಪ್ರತಿವರ್ಷ ಹೊಸದಾಗಿ ಆಯಬೇಕು. ನಮ್ಮ ಬಡಾವಣೆಯಲ್ಲಿ ಮರದಡಿಯ ಹಣ್ಣನ್ನೆಲ್ಲ ಗುಡಿಸಿ ಕಸದ ಗಾಡಿಗೆ ತುಂಬುತ್ತಾರೆ. ಪೊರಕೆ ಬರುವುದು ಆರೂವರೆಗೆ. ಚೀಲ ಹಿಡಿದವರು ಅದಕ್ಕೆ ಮೊದಲೇ ಹೋಗಬೇಕು.