ನೀರು ಬಸಿಯದೆ ಮಾಡುವ ಕ್ರೀಮಿ ಪಾಸ್ತಾ

ವೈಟ್ ಸಾಸ್ ಪಾಸ್ತಾ ಎಂದರೆ ಮನೆಯಲ್ಲಿ ಮೂರು ಪಾತ್ರೆ ಮುಸುರೆಯಾಗುವುದು ಖಚಿತ. ಪಾಸ್ತಾ ಬೇಯಿಸಲು ದೊಡ್ಡದೊಂದು, ಬಸಿಯಲು ತೂತಿನದೊಂದು, ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಸುರಿದು ಸಾಸ್ ಕಾಯಿಸಲು ಇನ್ನೊಂದು. ಸಂಜೆ ಏಳೂವರೆಗೆ ಟ್ರಾಫಿಕ್ ದಾಟಿ ಮನೆ ಸೇರಿದವರಿಗೆ ಅಡುಗೆಗಿಂತ ಆಮೇಲಿನ ತೊಳೆಯುವ ಕೆಲಸವೇ ಭಾರ. ತಮಾಷೆಯೆಂದರೆ ಈ ಕ್ರಮದಲ್ಲಿ ಸಾಸನ್ನು ಮಂದ ಮಾಡಬಲ್ಲ ಗಂಜಿಯನ್ನು ಸಿಂಕಿಗೆ ಚೆಲ್ಲಿ, ಅದೇ ಕೆಲಸಕ್ಕೆ ಮೈದಾ ತಂದು ಹಾಕುತ್ತೇವೆ. ಒಂದೇ ಬಾಣಲೆಯ ಪಾಸ್ತಾದ ಗುಟ್ಟು ಇಷ್ಟೇ: ಆ ಗಂಜಿಯನ್ನು ಚೆಲ್ಲಬೇಡಿ. ಕ್ರೀಮ್ ಬಾಯಿಗೆ ರುಚಿ ಕೊಡುತ್ತದೆ, ನಿಜ. ಆದರೆ ಸಾಸನ್ನು ಹಿಡಿದಿಡುವುದು ಗಂಜಿ.

ಒಣ ಪಾಸ್ತಾ ತಯಾರಾಗುವುದು ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯಿಂದ. ನಮ್ಮ ದಿನಸಿ ಅಂಗಡಿಯ ಬನ್ಸಿ ರವೆಯೂ ಇದೇ ಜಾತಿಯ ಗೋಧಿಯದು. ಈ ಗೋಧಿಯಲ್ಲಿರುವ ಪ್ರೋಟೀನು ಬಲೆಯಂತೆ ಹೆಣೆದುಕೊಂಡು ಒಳಗಿನ ಪಿಷ್ಟವನ್ನು ಬಿಗಿಹಿಡಿದಿರುತ್ತದೆ. ನೀರು ಸುಮಾರು 60 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬತೊಡಗುತ್ತವೆ. ಮೇಲ್ಪದರದ ಕಣಗಳಿಂದ ಒಂದಿಷ್ಟು ಪಿಷ್ಟ ನೀರಿಗೆ ಬಿಡುತ್ತದೆ. ನಾಲ್ಕು ಲೀಟರ್ ನೀರಿನಲ್ಲಿ ಬೇಯಿಸಿದರೆ ಅದು ಎಲ್ಲೋ ಕರಗಿಹೋಗುತ್ತದೆ. ಅರ್ಧ ಲೀಟರಿನಲ್ಲಿ ಬೇಯಿಸಿದರೆ ನೀರೇ ಮಂದವಾಗುತ್ತದೆ. ಎಣ್ಣೆ, ಬೆಣ್ಣೆ, ಚೀಸ್‌ನ ಜಿಡ್ಡು ಈ ಮಂದ ನೀರಿನಲ್ಲಿ ಸಣ್ಣ ಸಣ್ಣ ಹನಿಗಳಾಗಿ ಹರಡಿ, ಮತ್ತೆ ಒಂದುಗೂಡಿ ಮೇಲೆ ತೇಲದೆ ನಿಂತುಬಿಡುತ್ತದೆ. ನಾಲಿಗೆಗೆ ಕೆನೆಯೆನಿಸುವುದು ಇದೇ. 20ನೇ ಶತಮಾನದ ಮೊದಲ ದಶಕಗಳಲ್ಲಿ ರೋಮ್‌ನ ಹೋಟೆಲಿಗ ಆಲ್ಫ್ರೆಡೊ ದಿ ಲೆಲಿಯೊ ಹೆಸರುವಾಸಿ ಮಾಡಿದ ಫೆಟುಚಿನಿ ಆಲ್ಫ್ರೆಡೊದಲ್ಲಿ ಕ್ರೀಮೇ ಇರಲಿಲ್ಲ. ಬೆಣ್ಣೆ, ಚೀಸ್, ಬೆಂದ ಪಾಸ್ತಾ, ಅಷ್ಟೇ. ಕ್ರೀಮ್ ಸೇರಿಕೊಂಡದ್ದು ಅದು ಅಮೆರಿಕಕ್ಕೆ ಹೋದಮೇಲೆ.

ಪಾಸ್ತಾಕ್ಕೆ ಕೊಡಗಟ್ಟಲೆ ನೀರು ಬೇಕೆಂಬ ನಂಬಿಕೆಯನ್ನು ಅಡುಗೆ ವಿಜ್ಞಾನದ ಬರಹಗಾರ ಹೆರಾಲ್ಡ್ ಮೆಗೀ 2009ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪ್ರಶ್ನಿಸಿದರು. ಅರ್ಧ ಕೆ.ಜಿ.ಯಷ್ಟು ಪಾಸ್ತಾ ಒಂದೂವರೆ ಲೀಟರ್ ನೀರಿನಲ್ಲಿ, ಅದೂ ತಣ್ಣೀರಿನಿಂದ ಶುರುಮಾಡಿದರೂ, ಚೆನ್ನಾಗಿ ಬೇಯುತ್ತದೆ ಎಂದು ತೋರಿಸಿದರು. 2013ರಲ್ಲಿ ‘ಮಾರ್ಥಾ ಸ್ಟೀವರ್ಟ್ ಲಿವಿಂಗ್’ ಪತ್ರಿಕೆ ಹಸಿ ಟೊಮ್ಯಾಟೊ, ಈರುಳ್ಳಿ, ಬೆಳ್ಳುಳ್ಳಿಗಳ ಜೊತೆಗೇ ಒಣ ಪಾಸ್ತಾವನ್ನು ಒಂದೇ ಬಾಣಲೆಗೆ ಹಾಕುವ ವಿಧಾನ ಪ್ರಕಟಿಸಿದ ಮೇಲೆ ಇದು ಮನೆಮನೆಯ ಮಾತಾಯಿತು. ಇಟಲಿಯವರು ಹುಬ್ಬೇರಿಸಿದರೂ, ದಕ್ಷಿಣ ಇಟಲಿಯ ಬಾರಿ ನಗರದಲ್ಲಿ ಒಣ ಸ್ಪಗೆಟಿಯನ್ನು ನೇರವಾಗಿ ಬಾಣಲೆಗೆ ಹಾಕಿ ಟೊಮ್ಯಾಟೊ ಸಾರು ಹನಿಸುತ್ತಾ ತಳ ಸೀಯುವವರೆಗೆ ಬೇಯಿಸುವ ತಿಂಡಿಯೇ ಇದೆ.

ಈಗ ಅಳತೆ. ಇಬ್ಬರು ಹೊಟ್ಟೆ ತುಂಬ ಉಣ್ಣಲು, ಅಥವಾ ಇಬ್ಬರು ದೊಡ್ಡವರು ಒಂದು ಮಗುವಿಗೆ, 200 ಗ್ರಾಂ ಪೆನ್ನೆ ಅಥವಾ ಫ್ಯುಸಿಲ್ಲಿ ಸಾಕು. ಇದಕ್ಕೆ 550 ಮಿ.ಲೀ. ಬಿಸಿನೀರು, ಆಮೇಲೆ 100 ಮಿ.ಲೀ. ಕಾಯಿಸಿದ ಹಾಲು. ಲೆಕ್ಕ ಹೀಗೆ: ಪಾಸ್ತಾ ಹೆಚ್ಚುಕಡಿಮೆ ತನ್ನ ತೂಕಕ್ಕಿಂತ ತುಸು ಜಾಸ್ತಿ ನೀರು ಕುಡಿಯುತ್ತದೆ, ಒಂದು ಪಾಲು ಆವಿಯಾಗುತ್ತದೆ, ಉಳಿದದ್ದು ಸಾಸ್. ಬಾಣಲೆ ಅಗಲವಾದಷ್ಟೂ, ಉರಿ ಜೋರಾದಷ್ಟೂ ಆವಿಯ ಪಾಲು ಹೆಚ್ಚು. ಆದ್ದರಿಂದ ಪಕ್ಕದಲ್ಲಿ ಒಂದು ಲೋಟ ಬಿಸಿನೀರು ಇಟ್ಟುಕೊಂಡೇ ನಿಲ್ಲಿ. ನೀರು ಕಡಿಮೆಯಾದರೆ ಸೇರಿಸಬಹುದು, ಹೆಚ್ಚಾದರೆ ಬತ್ತಿಸುವಷ್ಟರಲ್ಲಿ ಪಾಸ್ತಾ ಮೆತ್ತಗಾಗಿರುತ್ತದೆ.

ದಪ್ಪ ತಳದ ಅಗಲ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಅಥವಾ ಬೆಣ್ಣೆ ಕಾಯಿಸಿ, ಹೆಚ್ಚಿದ ಒಂದು ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ ಬಾಡಿಸಿ. ಅಣಬೆ ಹಾಕುವುದಾದರೆ ಈಗಲೇ ಹಾಕಿ, ಅದು ಬಿಟ್ಟ ನೀರು ಪೂರ್ತಿ ಬತ್ತಿ ಅಂಚು ಕೆಂಪಾಗುವವರೆಗೆ ಹುರಿಯಿರಿ. ಇಲ್ಲದಿದ್ದರೆ ನೀರಿನ ಲೆಕ್ಕ ತಪ್ಪುತ್ತದೆ, ರುಚಿಯೂ ಸಪ್ಪೆ. ಪಾಸ್ತಾ, ಬಿಸಿನೀರು, ಮುಕ್ಕಾಲು ಟೀ ಚಮಚ ಉಪ್ಪು ಹಾಕಿ ಕುದಿ ಬರಿಸಿ. ಉಪ್ಪಿನ ಬಗ್ಗೆ ಎಚ್ಚರ: ಬಸಿಯುವ ವಿಧಾನದಲ್ಲಿ ಹಾಕಿದ ಉಪ್ಪಿನ ಬಹುಪಾಲು ನೀರಿನೊಂದಿಗೆ ಹೊರಟುಹೋಗುತ್ತದೆ, ಇಲ್ಲಿ ಹಾಕಿದ್ದೆಲ್ಲ ತಟ್ಟೆಗೇ ಬರುತ್ತದೆ. ಚೀಸ್‌ನಲ್ಲೂ ಉಪ್ಪಿದೆ.

ಮೊದಲ ಎರಡು ನಿಮಿಷ ಬಿಡದೆ ಕೈಯಾಡಿಸಿ. ಪಾಸ್ತಾ ಒಂದಕ್ಕೊಂದು ಅಂಟುವುದು ಆಗಲೇ, ಮೇಲಿನ ಪಿಷ್ಟ ಅಂಟಾದ ಹೊತ್ತಿನಲ್ಲಿ. ಆಮೇಲೆ ಉರಿ ಮಧ್ಯಮಕ್ಕಿಳಿಸಿ, ಮುಚ್ಚಳವನ್ನು ಓರೆಯಾಗಿ ಇಡಿ. ಪೂರ್ತಿ ಮುಚ್ಚಿದರೆ ನೊರೆಯುಕ್ಕಿ ಒಲೆಯೆಲ್ಲ ಗಂಜಿಯಾಗುತ್ತದೆ. ಎರಡು ನಿಮಿಷಕ್ಕೊಮ್ಮೆ ತಳದಿಂದ ತಿರುವಿದರೆ ಸಾಕು. ಕುಕ್ಕರಿನಲ್ಲಿ ಬೇಗ ಆಗುತ್ತದಲ್ಲ ಎನ್ನಬೇಡಿ, ಇದೇ ನೊರೆ ವಿಸಿಲ್‌ನ ದಾರಿಯನ್ನು ಕಟ್ಟಿಬಿಡಬಹುದು.

ಪೊಟ್ಟಣದ ಮೇಲೆ 11 ನಿಮಿಷ ಎಂದಿದ್ದರೆ ಇಲ್ಲಿ 12–13 ಆಗುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿರುವುದರಿಂದ ಅಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಮಂಗಳೂರಿನವರ ಗಡಿಯಾರವನ್ನು ಮಡಿಕೇರಿಯವರು ನಂಬಿದರೆ ಪಾಸ್ತಾದ ನಡು ಹಸಿಯಾಗಿಯೇ ಉಳಿಯುತ್ತದೆ. ಗಡಿಯಾರ ಬಿಟ್ಟು ಒಂದನ್ನು ಕಚ್ಚಿ ನೋಡಿ.

ಬಟಾಣಿ, ಸಿಹಿ ಜೋಳ, ದೊಣ್ಣೆಮೆಣಸಿನಕಾಯಿ ಕೊನೆಯ ಐದು ನಿಮಿಷಕ್ಕೆ, ಪಾಲಕ್ ಕೊನೆಯ ಒಂದು ನಿಮಿಷಕ್ಕೆ.

ಜನ ಹೆಚ್ಚು ಸೋಲುವುದು ಹಾಲು, ಕ್ರೀಮ್ ಹಾಕುವ ಹೊತ್ತಿನಲ್ಲಿ. ಹಾಲನ್ನು ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ಪಾಸ್ತಾ ಇನ್ನು ನಾಲ್ಕು ನಿಮಿಷದಲ್ಲಿ ಬೇಯುತ್ತದೆ ಎನ್ನುವಾಗ ಹಾಕಿ. ಅಮೆರಿಕದ ಪಾಕವಿಧಾನಗಳು ಹೆವಿ ಕ್ರೀಮನ್ನು ನಿಶ್ಚಿಂತೆಯಿಂದ ಕುದಿಸಿಬಿಡುತ್ತವೆ, ಅದರಲ್ಲಿ ಕೊಬ್ಬು ಶೇ 36ರಷ್ಟಿರುತ್ತದೆ. ನಮ್ಮಲ್ಲಿ ಪೊಟ್ಟಣದಲ್ಲಿ ಸಿಗುವ ಫ್ರೆಶ್ ಕ್ರೀಮ್‌ನಲ್ಲಿ ಸಾಮಾನ್ಯವಾಗಿ ಶೇ 25ರ ಆಸುಪಾಸು. ಕೊಬ್ಬು ಕಡಿಮೆಯಾದಷ್ಟೂ ಕುದಿಗೂ ಹುಳಿಗೂ ಅದು ಬೇಗ ಒಡೆಯುತ್ತದೆ. ಹಾಗಾಗಿ ಒಲೆ ಆರಿಸಿದ ಮೇಲೆಯೇ ಮೂರು ದೊಡ್ಡ ಚಮಚ ಕ್ರೀಮ್ ಬೆರೆಸಿ. ಟೊಮ್ಯಾಟೊ ಹಾಕಿದ ಪಾಸ್ತಾಕ್ಕಂತೂ ಹಾಲು ಬೇಡವೇ ಬೇಡ, ಕ್ರೀಮ್ ಮಾತ್ರ. ಆ 100 ಮಿ.ಲೀ. ಬದಲು ನೀರು ಹಾಕಿ. ಕ್ರೀಮ್ ಇಲ್ಲವೇ? ಕಾಯಿಸಿದ ಹಾಲಿನ ಮೇಲಿನ ಕೆನೆಯನ್ನು ಬಾಣಲೆಯದೇ ಒಂದೆರಡು ಚಮಚ ಬಿಸಿ ಗಂಜಿ ಸೇರಿಸಿ ನುಣ್ಣಗೆ ಕಡೆದು ಹಾಕಿ. ನೇರ ಹಾಕಿದರೆ ಎಳೆ ಎಳೆಯಾಗಿ ತೇಲುತ್ತದೆ.

ಚೀಸ್ ವಿಷಯದಲ್ಲಿ ನನ್ನ ಮತ ಸಾಮಾನ್ಯ ಪ್ರೊಸೆಸ್ಡ್ ಚೀಸ್‌ಗೆ. ಅದನ್ನು ತಯಾರಿಸುವಾಗ ಸೇರಿಸುವ ಸಿಟ್ರೇಟ್, ಫಾಸ್ಫೇಟ್ ಲವಣಗಳಿಂದಾಗಿ ಅದು ಎಣ್ಣೆ ಬಿಡದೆ, ಗಂಟುಗಟ್ಟದೆ ಕರಗುತ್ತದೆ. ಎರಡು ಕ್ಯೂಬ್ ತುರಿದರೆ ಸಾಕು. ಮಾಗಿದ ಪಾರ್ಮೆಸಾನ್‌ಗೆ ಪರಿಮಳ ಹೆಚ್ಚು, ಸಹನೆ ಕಡಿಮೆ: ಕುದಿಯುವ ಸಾಸಿಗೆ ಬಿದ್ದರೆ ರಬ್ಬರಿನ ಎಳೆಯಾಗಿ ಸೌಟಿಗೆ ಸುತ್ತಿಕೊಳ್ಳುತ್ತದೆ. ಒಲೆ ಆರಿಸಿ ಒಂದು ನಿಮಿಷ ಬಿಟ್ಟು ಹಾಕಬೇಕು. ಸಸ್ಯಾಹಾರಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ನೋಡಿಕೊಳ್ಳಿ.

ಒಲೆ ಯಾವಾಗ ಆರಿಸಬೇಕು? ಸಾಸ್ ಇನ್ನೂ ಸ್ವಲ್ಪ ತೆಳುವಾಯಿತೇನೋ ಎನಿಸುವಾಗಲೇ. ಬಿಸಿಬೇಳೆ ಬಾತ್ ಒಲೆಯ ಮೇಲೆ ಸರಿಯಾಗಿದ್ದರೆ ಎಲೆಗೆ ಬರುವಷ್ಟರಲ್ಲಿ ಗಟ್ಟಿಯಾಗುವ ಹಾಗೆಯೇ ಇದೂ. ಪಾಸ್ತಾ ಹೀರುತ್ತಲೇ ಇರುತ್ತದೆ, ಆರುತ್ತಾ ಗಂಜಿಯೂ ಬಿಗಿಯುತ್ತದೆ. ಮೂರು ನಿಮಿಷ ಮುಚ್ಚಿಟ್ಟು, ಕಾಳುಮೆಣಸು ಕುಟ್ಟಿ ಉದುರಿಸಿ ಬಡಿಸಿ. ಮಾರನೆಯ ದಿನ ಡಬ್ಬಿಗೆ ಉಳಿದದ್ದನ್ನು ಬಿಸಿಮಾಡುವಾಗ ನಾಲ್ಕು ಚಮಚ ಹಾಲು ಸೇರಿಸಿದರೆ ಮತ್ತೆ ಸಡಿಲವಾಗುತ್ತದೆ.

ಈ ವಿಧಾನಕ್ಕೆ ಮಿತಿಯೂ ಇದೆ. ಡ್ಯೂರಮ್ ಅಲ್ಲದ ಅಗ್ಗದ ಪಾಸ್ತಾ ಇದರಲ್ಲಿ ಮುದ್ದೆಯಾಗುತ್ತದೆ, ಪೊಟ್ಟಣದ ಹಿಂಬದಿ ಓದಿ ಕೊಳ್ಳಿ. 400 ಗ್ರಾಂ ದಾಟಿದರೆ ಮನೆಯ ಬಾಣಲೆಯಲ್ಲಿ ಅಡಿಯದು ಬೆಂದು ಮೇಲಿನದು ಹಸಿಯಾಗಿ ಉಳಿಯುತ್ತದೆ. ಹತ್ತು ಜನ ನೆಂಟರು ಬಂದ ದಿನ ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಬಸಿಯುವುದೇ ಸರಿ. ಬಸಿಯುವ ಮುನ್ನ ಎರಡು ಲೋಟ ಗಂಜಿ ತೆಗೆದಿಡಿ.